ಟಿಟ್ಟಿಭ ತಡವಾಗಿ ಕೂಗಿದ ವರ್ಷ

ಭೂಮಿಯ ಮೈ ಇನ್ನೂ ಪೂರ್ತಿ ಒಣಗಿರದ ಕಾಲ ಅದು. ಕುಂಬಾರ ಆಗತಾನೇ ತಿಗರಿಯಿಂದ ಇಳಿಸಿಟ್ಟ ಮಡಕೆಯ ಹಾಗೆ ನೆಲ ಹಸಿಹಸಿಯಾಗಿತ್ತು. ತಾವು ಎಲ್ಲಿ ಕೂರಬೇಕು ಅನ್ನುವುದೇ ಬೆಟ್ಟಗಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಗಾಳಿ ಮಾತಾಡುತ್ತಿತ್ತು, ಕೆರೆ ಮಾತಾಡುತ್ತಿತ್ತು, ಹಕ್ಕಿಗಳಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಮನುಷ್ಯ ಇನ್ನೂ ಹುಟ್ಟಿರಲಿಲ್ಲ. ಹಾಗಾಗಿ ಮಾತಿಗೆ ಬೆಲೆ ಇತ್ತು.

ಆ ಕಾಲದಲ್ಲಿ ಬಯಲು ನಾಡಿನ ನಡುವೆ ಒಂದು ದೊಡ್ಡ ಕೆರೆ. ಮಳೆ ಮುಗಿದು ಚಳಿ ಬಿತ್ತೆಂದರೆ ಬಡಗಣ ದಿಕ್ಕಿನಿಂದ, ಹಿಮದ ಬೆಟ್ಟಗಳ ಆಚೆಯಿಂದ, ಹಕ್ಕಿಗಳು ಹಿಂಡು ಹಿಂಡಾಗಿ ಬಂದು ಆ ಕೆರೆಗೆ ಇಳಿಯುತ್ತಿದ್ದವು. ತಲೆಯ ಮೇಲೆ ಕಪ್ಪು ಪಟ್ಟೆಯ ಹೆಬ್ಬಾತುಗಳು, ಸೂಜಿಬಾಲದ ಬಾತುಗಳು, ಉದ್ದ ಕೊಕ್ಕಿನ ಗೊರವಗಳು, ಬಾಲ ಕುಣಿಸುವ ಸಿಪಿಲೆಗಳು. ಚಳಿಗಾಲವೆಲ್ಲ ಉಂಡು, ಮಿಂದು, ಜಗಳವಾಡಿ, ಬಿಸಿಲು ಏರಿ ನೀರು ಇಳಿಯತೊಡಗಿದಾಗ ಮತ್ತೆ ತಮ್ಮ ಬೆಟ್ಟಗಳ ಕಡೆ ಹೊರಟುಬಿಡುತ್ತಿದ್ದವು.

ಕೆರೆ ಅಂದಮೇಲೆ ಕೆಲಸಗಳಿರುತ್ತವೆ. ಕೆರೆಯೇ ಎಲ್ಲರಿಗೂ ಕೆಲಸ ಹಂಚಿತ್ತು. ಮಿಂಚುಳ್ಳಿಗೆ ನೀರುಗಂಟಿಯ ಕೆಲಸ, ನೀರು ಎಷ್ಟು ಏರಿತು ಎಷ್ಟು ಇಳಿಯಿತು ಅಂತ ನೋಡಿಕೊಳ್ಳುವುದು. ಕಾಗೆಗೆ ಸತ್ತದ್ದನ್ನು ಎತ್ತಿ ದಡ ಚೊಕ್ಕ ಮಾಡುವ ಕೆಲಸ. ತಳವಾರಿಕೆ ಮಾತ್ರ ಟಿಟ್ಟಿಭದ ಪಾಲಿಗೆ ಬಂತು. ಮರ ಹತ್ತದ, ಪೊದೆ ಹೊಗದ, ಬಟಾಬಯಲಿನಲ್ಲಿ ಉದ್ದ ಕಾಲಿನ ಮೇಲೆ ನಿಂತು ನಾಲ್ಕೂ ದಿಕ್ಕು ನೋಡುವ ಹಕ್ಕಿಗೆ ಅಲ್ಲದೆ ಕಾವಲು ಇನ್ನಾರಿಗೆ ಕೊಡಬೇಕು?

ಆ ಕೆರೆಯ ಟಿಟ್ಟಿಭವನ್ನು ಎಲ್ಲರೂ ಟಿಟ್ಟವ್ವ ಅನ್ನುತ್ತಿದ್ದರು. ಆಗ ಅವಳ ಕಣ್ಣಿನ ಮುಂದೆ ಈಗಿನ ಟಿಟ್ಟಿಭಗಳಿಗಿರುವ ಕೆಂಪು ತೊಗಲು ಅನ್ನುವುದೇ ಇರಲಿಲ್ಲ. ಕಪ್ಪು ಮುಖ, ಬಿಳಿ ಕೆನ್ನೆ, ಹಳದಿ ಕಾಲು, ನೋಡುವುದಕ್ಕೆ ಅಚ್ಚುಕಟ್ಟು. ಮತ್ತೆ ನೀನು ನಂಬಿದರೆ ನಂಬು, ಬಿಟ್ಟರೆ ಬಿಡು, ಆ ಕೆರೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಿನವಳು ಅಂದರೆ ಟಿಟ್ಟವ್ವನೇ. ಅವಳು ವರ್ಷಕ್ಕೆ ಒಂದೇ ಒಂದು ಸಲ ಕೂಗುತ್ತಿದ್ದಳು.

ಅದು ಹೊರಡುವ ಕೂಗು. ಮುತ್ತುಗದ ಹೂ ಉದುರುವ ಹೊತ್ತಿಗೆ ತೆಂಕಣ ಗಾಳಿ ಬರುತ್ತಿತ್ತು. ಆ ಗಾಳಿಯ ಬೆನ್ನು ಹತ್ತಿದರೆ ಮಾತ್ರ ಹಕ್ಕಿಗಳಿಗೆ ಹಿಮದ ಬೆಟ್ಟ ದಾಟಲು ಸಾಧ್ಯ. ಗಾಳಿ ಹೋಗುವಾಗ ಬೆಟ್ಟಗಳ ನಡುವಿನ ಕಣಿವೆ ದಾರಿ ಬಿಡುತ್ತದೆ, ಗಾಳಿ ಹೋದಮೇಲೆ ದಾರಿ ಮುಚ್ಚುತ್ತದೆ. ಒಮ್ಮೆ ಗಾಳಿ ತಾನೇ ಎಲ್ಲರಿಗೂ ಹೇಳಿ ನೋಡಿತ್ತು. ಕೇಳಿಸಿಕೊಂಡವರು ಅರ್ಧ, ಪಾಚಿ ಮೇಯುತ್ತಾ ಕಿವಿಗೆ ಹಾಕಿಕೊಳ್ಳದವರು ಇನ್ನರ್ಧ. ಅವತ್ತಿನ ಗದ್ದಲ ಹೇಳತೀರದು. ಅಂದಿನಿಂದ ಗಾಳಿ ತಳವಾರಳಿಗೆ ಮಾತ್ರ ಹೇಳುವುದು, ತಳವಾರಳು ಕೂಗುವುದು, ಕೂಗಿದ ಕೂಡಲೇ ಎಲ್ಲರೂ ಏಳುವುದು ಅಂತ ಕಟ್ಟಳೆಯಾಯಿತು. ಅವಳು ಕೂಗುವ ತನಕ ಒಂದು ಹಕ್ಕಿಯೂ ಹೊರಡುವ ಹಾಗಿಲ್ಲ. ಕೂಗಿದ ಮೇಲೆ ಒಂದು ಹಕ್ಕಿಯೂ ನಿಲ್ಲುವ ಹಾಗಿಲ್ಲ.

ಹಾಗಾಗಿ ಬೇಸಿಗೆ ತಲೆ ಹಾಕಿತೆಂದರೆ ಟಿಟ್ಟವ್ವ ಬೆಳಗಿನ ಜಾವ ಕೆರೆಯ ಏರಿಯ ಮೇಲೆ ಮುಖವನ್ನು ಬಡಗಣಕ್ಕೆ ಮಾಡಿ ನಿಲ್ಲುತ್ತಿದ್ದಳು. ಹಿಂದಿನಿಂದ ಬಂದು ಗಾಳಿ ಅವಳ ಕುತ್ತಿಗೆಯ ಪುಕ್ಕ ಎತ್ತಿದರೆ ಆ ದಿನ ಬಂತು ಎಂದರ್ಥ. ಎಷ್ಟೋ ವರ್ಷ ಹಾಗೆಯೇ ನಡೆಯಿತು. ಒಂದು ಸಲವೂ ಅವಳ ಮಾತು ತಪ್ಪಲಿಲ್ಲ.

ಆಮೇಲೆ ಆ ವರ್ಷ ಬಂತು.

ಆ ವರ್ಷ ಟಿಟ್ಟವ್ವ ಬೇಗ ಮೊಟ್ಟೆ ಇಟ್ಟಿದ್ದಳು. ಟಿಟ್ಟಿಭ ಗೂಡು ಕಟ್ಟುವುದಿಲ್ಲ. ಕಲ್ಲುಮಣ್ಣಿನ ಬಯಲಿನಲ್ಲಿ ಕಾಲಿನಿಂದ ಒಂದು ಗುಣಿ ಕೆದರಿ, ಅಲ್ಲೇ ನೆಲದ ಬಣ್ಣದ ನಾಲ್ಕು ಮೊಟ್ಟೆ ಇಡುತ್ತದೆ. ನೆರಳಿಲ್ಲ, ಮರೆಯಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮೊಟ್ಟೆ ಒಳಗೇ ಬೆಂದುಹೋಗುತ್ತದೆ. ಅದಕ್ಕೇ ಗಂಡ ಹೆಂಡತಿ ಸರದಿ ಮೇಲೆ ಕೆರೆಗೆ ಹೋಗಿ, ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು, ಒದ್ದೆ ಹೊಟ್ಟೆಯಿಂದ ಮೊಟ್ಟೆ ತಂಪು ಮಾಡಬೇಕು. ಒಬ್ಬರು ಹೋದರೆ ಇನ್ನೊಬ್ಬರು ನೆರಳಾಗಿ ನಿಲ್ಲಬೇಕು.

ಮೊಟ್ಟೆ ಇಟ್ಟ ಕೆಲವೇ ದಿನಕ್ಕೆ ಟಿಟ್ಟವ್ವನ ಗಂಡನನ್ನು ಗಿಡುಗ ಎತ್ತಿಕೊಂಡು ಹೋಯಿತು. ಅವಳ ಕಣ್ಣೆದುರೇ ಹೋಯಿತು. ಅಳುವುದಕ್ಕೂ ಅವಳಿಗೆ ಬಿಡುವಿರಲಿಲ್ಲ. ಅವತ್ತು ಮಧ್ಯಾಹ್ನ ಅವಳು ಮೊಟ್ಟೆಗಳ ಮೇಲೆ ರೆಕ್ಕೆ ಹರಡಿ ನಿಂತು ಕೆರೆಯ ಕಡೆ ನೋಡಿದಳು. ನೀರಿಗೆ ಹೋದರೆ ಮೊಟ್ಟೆ ಬೇಯುತ್ತದೆ, ಹೋಗದಿದ್ದರೂ ಬೇಯುತ್ತದೆ.

ಆಗ ಬಂದವಳು ಹೊನ್ನಿ. ಅವಳು ಬಡಗಣದಿಂದ ಬರುವ ಹಳದಿ ಸಿಪಿಲೆ. ಹಿಡಿಯಷ್ಟು ಮೈ, ಅದರಲ್ಲಿ ಅರ್ಧ ಬಾಲ. ಪ್ರತಿ ಚಳಿಗಾಲವೂ ಟಿಟ್ಟವ್ವನ ಕಾಲಬುಡದಲ್ಲೇ ಓಡಾಡಿಕೊಂಡು ಹುಳ ಹೆಕ್ಕುವವಳು. ಟಿಟ್ಟವ್ವ ಮಾತಾಡುತ್ತಿರಲಿಲ್ಲವಲ್ಲ, ಇಬ್ಬರ ಪಾಲಿನದನ್ನೂ ಹೊನ್ನಿಯೇ ಆಡಿ ಮುಗಿಸುತ್ತಿದ್ದಳು.

"ಹೋಗು ಕಣಕ್ಕ, ಹೊಟ್ಟೆ ನೆನೆಸ್ಕೊಂಡು ಬಾ. ನಾ ನಿಂತ್ಕೋತೀನಿ," ಅಂದಳು ಹೊನ್ನಿ.

"ನಿನ್ನ ಮೈಗೆ ಒಂದು ಮೊಟ್ಟೆಗೂ ನೆರಳಾಗಲ್ಲ."

"ಒಂದೊಂದಕ್ಕೂ ಚೂರು ಚೂರು ಕೊಡ್ತೀನಿ. ನೀ ಹೋಗು ಅಂದ್ರೆ."

ಹಾಗೆಯೇ ಮಾಡಿದಳು. ಟಿಟ್ಟವ್ವ ನೀರಿಗೆ ಹೋಗಿ ಬರುವಷ್ಟು ಹೊತ್ತು ಹೊನ್ನಿ ಪುಟ್ಟ ರೆಕ್ಕೆ ಬಿಚ್ಚಿಕೊಂಡು ಒಂದು ಮೊಟ್ಟೆಯಿಂದ ಇನ್ನೊಂದಕ್ಕೆ ಸುತ್ತುತ್ತಿದ್ದಳು. ಕಾಗೆ ಬಂದರೆ ಅದರ ಮೂಗಿನ ಮುಂದೆಯೇ ಕುಂಟಿದ ಹಾಗೆ ನಟಿಸಿ ದೂರ ಎಳೆದುಕೊಂಡು ಹೋಗುತ್ತಿದ್ದಳು. ಮುಂಗುಸಿ ಬಂದರೆ ಚಿಪ್ ಚಿಪ್ ಅಂತ ಕಿವಿ ಕೊರೆಯುತ್ತಿದ್ದಳು. ದಿನವೂ ಬಿಸಿಲಿನ ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು. ತನ್ನ ಹೊಟ್ಟೆಪಾಡು ಮರೆತು ಬರುತ್ತಿದ್ದಳು ಅಂದರೂ ತಪ್ಪಿಲ್ಲ. ದೂರ ಪಯಣಕ್ಕೆ ಮೈ ತುಂಬಿಕೊಳ್ಳಬೇಕಾದ ದಿನಗಳು ಅವು.

ನೀರು ಇಳಿಯತೊಡಗಿತು. ಹೆಬ್ಬಾತುಗಳ ಹಿರಿಯಳು, ಎಲ್ಲರೂ ಹೆಬ್ಬಾತಜ್ಜಿ ಅನ್ನುವವಳು, ದಿನಾ ಬೆಳಗ್ಗೆ ಏರಿಯ ಕೆಳಗೆ ಈಜಿಕೊಂಡು ಬಂದು ಕೇಳುತ್ತಿದ್ದಳು.

"ತಳವಾರಮ್ಮ, ಗಾಳಿ ಬಂತಾ?"

"ಇನ್ನೂ ಇಲ್ಲ ಅಜ್ಜಿ."

"ಸರಿ ಬುಡು. ನೀ ಹೇಳಿದ ಮೇಲೆ ಮುಗೀತು."

ಮುತ್ತುಗದ ಹೂ ಉದುರಿತು. ಟಿಟ್ಟವ್ವ ಮೊಟ್ಟೆಗೆ ಕಿವಿಯಿಟ್ಟು ಕೇಳಿದಳು. ಒಳಗೆ ಇನ್ನೂ ಸದ್ದಿಲ್ಲ. ಮರಿಗಳು ಬರಲು ದಿನಗಳಿದ್ದವು. ಹೊನ್ನಿ ಹೋದ ಮರುದಿನ ಮಧ್ಯಾಹ್ನ ಏನಾಗುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಸಂಜೆ ಅವಳು ಹೊನ್ನಿಯನ್ನು ಕೇಳಿಯೇಬಿಟ್ಟಳು. "ನಾ ಕೂಗಿದ್ರೂ ನೀನು ನಿಂತ್ಕೊಳೋಕೆ ಆಗಲ್ವಾ?"

ಹೊನ್ನಿ ಬಾಲ ಕುಣಿಸುವುದನ್ನು ನಿಲ್ಲಿಸಿದಳು. "ಆಗಲ್ಲ ಕಣಕ್ಕ. ನೀ ಕೂಗಿದ್ರೆ ರೆಕ್ಕೆ ನನ್ನ ಮಾತು ಕೇಳಲ್ಲ. ಕಾಲು ತಾನಾಗೇ ನೆಲ ಬುಟ್ಬುಡ್ತದೆ. ನನ್ನ ಮರಿಗಳೂ ಆ ಕಡೆ ಬೆಟ್ಟದಾಗೇ ಹುಟ್ಬೇಕು."

ಟಿಟ್ಟವ್ವ ಮೊಟ್ಟೆಗಳ ಮೇಲೆ ಹೋಗಿ ಕೂತಳು.

ಮರುದಿನ ಬೆಳಗಿನ ಜಾವ ಅವಳು ಏರಿಯ ಮೇಲೆ ನಿಂತಿದ್ದಾಗ ತೆಂಕಣ ಗಾಳಿ ಬಂತು. ಹಿಂದಿನಿಂದ ಬಂದು ಕುತ್ತಿಗೆಯ ಪುಕ್ಕ ಎತ್ತಿತು.

"ಕೂಗು ಟಿಟ್ಟವ್ವ. ಹೊತ್ತಾಯ್ತು," ಅಂದಿತು ಗಾಳಿ.

ಟಿಟ್ಟವ್ವನ ಬಾಯಿ ತೆರೆಯಲಿಲ್ಲ.

"ಕೂಗು. ಎಲ್ರೂ ಕಾಯ್ತಾವ್ರೆ."

"ಒಂದೆರಡು ದಿನ ನಿಂತ್ಕೋ ಗಾಳಿಯಪ್ಪ," ಅಂದಳು ಟಿಟ್ಟವ್ವ. "ನನ್ನ ಮೊಟ್ಟೆ ಒಡೆಯೋ ತನಕ. ಆಮೇಲೆ ನಾನೇ ಕೂಗ್ತೀನಿ."

"ನಿಂತ್ರೆ ನಾನು ಗಾಳಿ ಅಲ್ಲ ಕಣವ್ವ. ನಿಂತದ್ದಕ್ಕೆ ಬೇರೆ ಹೆಸರು. ನಂಗೆ ಹೋಗೋದು ಒಂದೇ ಗೊತ್ತು. ಕೂಗ್ತೀಯೋ ಇಲ್ವೋ?"

ಕೆಳಗೆ ಕೆರೆಯ ತುಂಬ ಹಕ್ಕಿಗಳು. ಆ ಕಡೆ ಬಯಲಿನಲ್ಲಿ ನಾಲ್ಕು ಮೊಟ್ಟೆ. ಟಿಟ್ಟವ್ವ ಒಮ್ಮೆ ಇತ್ತ ನೋಡಿದಳು, ಒಮ್ಮೆ ಅತ್ತ ನೋಡಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಅವಳವಂತೂ ಇನ್ನೂ ಮುಖವನ್ನೇ ಕಾಣದ ಮರಿಗಳು.

ಅವಳು ಕೂಗಲಿಲ್ಲ.

ಗಾಳಿ ಸ್ವಲ್ಪ ಹೊತ್ತು ಅವಳ ಸುತ್ತ ತಿರುಗಿತು. ಆಮೇಲೆ ಬೇಸರದಿಂದ ಕೆರೆಯ ಮೇಲೆ ಹಾದು ಬಡಗಣಕ್ಕೆ ಹೊರಟುಹೋಯಿತು. ಅದು ಹಾದಾಗ ನೀರು ಸುಕ್ಕಾಯಿತು, ಜೊಂಡು ಬಾಗಿತು, ನಿದ್ದೆಯಲ್ಲಿದ್ದ ಬಾತುಗಳ ಬೆನ್ನಿನ ಗರಿ ಎದ್ದವು. ಹೆಬ್ಬಾತಜ್ಜಿ ಕತ್ತು ನಿಗುರಿಸಿದಳು. ಬೇಗ ಬೇಗ ಈಜಿಕೊಂಡು ಏರಿಯ ಬುಡಕ್ಕೆ ಬಂದಳು.

"ತಳವಾರಮ್ಮ, ಗಾಳಿ ಬಂತಾ? ನನ್ನ ಬೆನ್ನಿಗೆ ಏನೋ ತಾಕಿದಂಗಾಯ್ತು."

"ಇನ್ನೂ ಇಲ್ಲ ಅಜ್ಜಿ," ಅಂದಳು ಟಿಟ್ಟವ್ವ.

"ನಿಜ್ವಾ?"

"ಅದು ಬರೀ ಕೆರೆ ಮೇಲಿನ ಸುಳಿಗಾಳಿ."

ತನ್ನ ಬೆನ್ನಿಗೆ ತಾಕಿದ್ದನ್ನು ತಾನೇ ನಂಬುವ ಅಭ್ಯಾಸ ಆ ಹಕ್ಕಿಗಳಿಗೆ ಹೋಗಿತ್ತು ನೋಡು. ಎಷ್ಟೋ ವರ್ಷದಿಂದ ಅವಕ್ಕೆ ಗಾಳಿ ಅಂದರೆ ಬೆನ್ನಿಗೆ ತಾಕುವುದಲ್ಲ, ಟಿಟ್ಟವ್ವನ ಬಾಯಿಂದ ಬರುವುದು. "ಸರಿ ಬುಡು," ಅಂದಳು ಅಜ್ಜಿ. "ನೀ ಹೇಳಿದ ಮೇಲೆ ಮುಗೀತು." ಹಿಂದಿರುಗಿ ಹೋಗಿ, ಎದ್ದು ನಿಂತಿದ್ದ ಮರಿ ಹೆಬ್ಬಾತುಗಳನ್ನು ಗದರಿಸಿ ಕೂರಿಸಿದಳು.

ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಆ ದಿನದಿಂದ ಟಿಟ್ಟವ್ವನಿಗೆ ಕೆರೆಯ ಕಡೆ ನೋಡುವುದಕ್ಕೆ ಆಗುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಆಡಬೇಕಾದ ಮಾತನ್ನು ಆಡದೆ ಉಳಿಸಿಕೊಂಡರೆ ಅದು ಇನ್ನೂ ಕೆಟ್ಟದ್ದು. ಅದು ಒಳಗೇ ಕೊಳೆಯುತ್ತದೆ. ಅವಳು ಒದ್ದೆ ಹೊಟ್ಟೆ ಹೊತ್ತು ಬರುವುದು, ಹೊನ್ನಿ ರೆಕ್ಕೆ ಬಿಚ್ಚಿ ಸುತ್ತುವುದು, ಎರಡೂ ಮೊದಲಿನ ಹಾಗೆಯೇ ನಡೆದವು. ಬಿಸಿಲು ಮಾತ್ರ ದಿನದಿನಕ್ಕೆ ಏರುತ್ತಿತ್ತು.

ಒಂದು ಬೆಳಗ್ಗೆ ಮೊಟ್ಟೆಯೊಳಗಿಂದ ಚಿಂಯ್ ಅಂತ ಸದ್ದು ಬಂತು. ಚಿಪ್ಪು ಬಿರಿಯಿತು. ಒಂದಾದ ಮೇಲೊಂದು ನಾಲ್ಕು ಮರಿ, ಗೋಲಿಗೆ ಕಾಲು ಮೂಡಿದ ಹಾಗೆ, ಹುಟ್ಟಿದ ದಿನವೇ ಓಡತೊಡಗಿದವು. ಹೊನ್ನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಒಂದು ಮರಿಯ ಹಿಂದೆ ಓಡಿ, ಇನ್ನೊಂದರ ಮುಂದೆ ಓಡಿ, ಮೂರನೆಯದರ ಕಾಲಿಗೆ ಸಿಕ್ಕಿ ಬಿದ್ದಳು.

"ಇಷ್ಟು ವರ್ಷ ಬಂದೀನಿ, ನಿನ್ನ ಮರಿ ಮುಖ ಒಂದು ಸಲನೂ ಕಂಡಿರಲಿಲ್ಲ ಕಣಕ್ಕ," ಅಂದಳು. "ಯಾವಾಗ್ಲೂ ಇವು ಹುಟ್ಟೋ ಮುಂಚೆ ಗಾಳಿ ಬಂದ್ಬುಡೋದು. ಈ ಸಲ ಗಾಳಿಯಪ್ಪನಿಗೇ ನಮ್ಮ ಮೇಲೆ ಕನಿಕರ ಬಂದದೆ."

ಟಿಟ್ಟವ್ವನಿಗೆ ಮರಿಗಳ ಮುಖ ನೋಡಿದರೆ ತಾನು ಮಾಡಿದ್ದು ತಪ್ಪು ಅನ್ನಿಸುತ್ತಿರಲಿಲ್ಲ. ಹೊನ್ನಿ ಎದುರಿಗೆ ಬಂದರೆ ಮಾತ್ರ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಆ ಸಂಜೆ ಅವಳು ನೀರಿಗೆ ಹೋದಾಗ ಕೆರೆ ಅವಳನ್ನು ಮಾತಾಡಿಸಿತು. ಕೆರೆಗೆ ಎಲ್ಲ ಗೊತ್ತಿತ್ತು. ಗಾಳಿ ತನ್ನ ಮೈಮೇಲೇ ಹಾದುಹೋಗಿದ್ದು ಅದಕ್ಕೆ ಗೊತ್ತಿರುವುದಿಲ್ಲವೇ?

"ಹೇಳ್ಬುಡು ಮಗಳೇ," ಅಂದಿತು ಕೆರೆ. "ಗಾಳಿ ಹೋಗಿದೆ, ಈ ವರ್ಷ ಹೊರಡಬ್ಯಾಡಿ ಅಂತ ಹೇಳು. ನನ್ನ ಹೊಟ್ಟೆ ಮಡುವಿನಾಗೆ ಇನ್ನೂ ನೀರದೆ. ಇಕ್ಕಟ್ಟಾಯ್ತದೆ, ಅರೆಹೊಟ್ಟೆ ಉಣ್ಬೇಕಾಯ್ತದೆ. ಬೈತಾರೆ. ಆದ್ರೆ ಬದುಕ್ತಾರೆ."

"ಹೊನ್ನಿ ಏನಂದಾಳು?" ಅಂದಳು ಟಿಟ್ಟವ್ವ.

"ಹೊನ್ನಿನೂ ಬೈತಾಳೆ. ಬೈಸ್ಕೋ."

ಆಗ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಒಂದು ಬೇಸಿಗೆಯ ಬೈಗುಳ, ಅಷ್ಟೇ. ಆದರೆ ಟಿಟ್ಟವ್ವ ಹೆಸರು ಉಳಿಸಿಕೊಳ್ಳಬೇಕು ಅಂದುಕೊಂಡಳು. ಅವಳ ಮಾತು ಒಂದು ಸಲವೂ ತಪ್ಪಿರಲಿಲ್ಲ ನೋಡು. ಕೆಟ್ಟ ಹೆಸರಿನವರು ಸುಲಭವಾಗಿ ತಪ್ಪು ಒಪ್ಪಿಕೊಳ್ಳುತ್ತಾರೆ. ಒಳ್ಳೆಯ ಹೆಸರಿನವರಿಗೆ ಅದು ಪ್ರಾಣಸಂಕಟ.

ಮರುದಿನ ಬೆಳಗಿನ ಜಾವ ಅವಳು ಏರಿಯ ಮೇಲೆ ನಿಂತಳು. ಎಲೆ ಅಲುಗುತ್ತಿರಲಿಲ್ಲ. ಅವಳು ಬಾಯಿ ತೆರೆದು ಕೂಗಿದಳು.

ಕೆರೆಯ ತುಂಬ ಒಮ್ಮೆಲೇ ರೆಕ್ಕೆ ಎದ್ದವು. ಬಾತುಗಳು ಎದ್ದವು, ಗೊರವಗಳು ಎದ್ದವು, ಹೆಬ್ಬಾತುಗಳು ನೀರಿನ ಮೇಲೆ ಓಡಿ ಓಡಿ ಎದ್ದವು. ಹೆಬ್ಬಾತಜ್ಜಿ ಮಾತ್ರ ಅವಳ ತಲೆಯ ಮೇಲೆ ಒಂದು ಸುತ್ತು ಹಾಕಿದಳು.

"ತಳವಾರಮ್ಮ, ಗಾಳಿ ಬಂತಾ? ಬೆನ್ನಿಗೆ ಏನೂ ತಾಕ್ತಿಲ್ವಲ್ಲವ್ವ."

ಒಂದು ಸುಳ್ಳು ಹೇಳಿದವರಿಗೆ ಎರಡನೆಯದು ಭಾರ ಅನ್ನಿಸುವುದಿಲ್ಲ. "ಮೇಲದೆ ಅಜ್ಜಿ," ಅಂದಳು ಟಿಟ್ಟವ್ವ. "ಮೇಲೆ ಹೋದ್ರೆ ಸಿಕ್ತದೆ."

"ಸರಿ ಬುಡು," ಅಂದಳು ಅಜ್ಜಿ.

ಹೊನ್ನಿ ಮರಿಗಳ ನಡುವಿನಿಂದ ಪುರ್ರನೆ ಎದ್ದಳು. ಅವಳು ಹೇಳಿದ್ದು ನಿಜವೇ ಆಗಿತ್ತು. ರೆಕ್ಕೆ ಅವಳ ಮಾತು ಕೇಳಲಿಲ್ಲ. ಹೋಗುತ್ತಾ ಹೋಗುತ್ತಾ, "ಬತ್ತೀನಿ ಕಣಕ್ಕ! ಬರೋ ಹೊತ್ತಿಗೆ ಇವಕ್ಕೆ ನನ್ನ ಹೆಸರು ಹೇಳೋದು ಕಲಿಸಿರು!" ಅಂತ ಕೂಗಿದಳು. ಅಷ್ಟೊತ್ತಿಗೆ ಅವಳು ಸಾಸಿವೆ ಕಾಳಿನಷ್ಟಾಗಿದ್ದಳು. ಆಮೇಲೆ ಅದೂ ಇಲ್ಲ.

ಬೇಸಿಗೆ ಕಳೆಯಿತು. ಮಳೆ ಬಂತು. ಕೆರೆ ತುಂಬಿತು. ಮರಿಗಳು ಬೆಳೆದು ಅವ್ವನಷ್ಟೇ ಆದವು. ಟಿಟ್ಟವ್ವ ಅವಕ್ಕೆ ಹೊನ್ನಿಯ ಹೆಸರು ಕಲಿಸಿದಳು.

"ಹೊನ್ನಿ ಅಂದ್ರೆ ಯಾರವ್ವ?" ಅಂತ ಕೇಳಿತು ಕಿರಿಯ ಮರಿ.

"ನೀವು ಮೊಟ್ಟೆಯೊಳಗೆ ಬೇಯದಂಗೆ ನೋಡ್ಕೊಂಡೋಳು," ಅಂದಳು ಟಿಟ್ಟವ್ವ. "ಚಳಿ ಬಿದ್ಮೇಲೆ ಬತ್ತಾಳೆ."

ಚಳಿ ಬಿತ್ತು. ಟಿಟ್ಟವ್ವ ಏರಿಯ ಮೇಲೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಕಾವಲು ಅಂದರೆ ಹೊರಡುವ ದಿನ ನೋಡುವುದಷ್ಟೇ ಅಂತ ಅವಳು ತಿಳಿದಿದ್ದಳು. ಬರುವುದನ್ನು ಕಾಯುವುದು ಎಂಥದ್ದು ಅಂತ ಈಗ ಗೊತ್ತಾಯಿತು. ಇಬ್ಬನಿ ಬೀಳುವ ದಿನಗಳು ಬಂದವು. ಜೊಂಡು ತೆನೆ ಬಿಟ್ಟಿತು. ಆಕಾಶ ಖಾಲಿ. ಕಣ್ಣು ಉಜ್ಜಿ ಉಜ್ಜಿ, ನಿದ್ದೆಗೆಟ್ಟು, ಅತ್ತು, ಅವಳ ಕಣ್ಣಿನ ಮುಂದಿನ ಚರ್ಮ ಕೆಂಪಗೆ ಊದಿಕೊಂಡಿತು.

ಕೊನೆಗೆ ಒಂದು ಮುಂಜಾನೆ ಬಡಗಣದ ಅಂಚಿನಲ್ಲಿ ಹಕ್ಕಿಗಳು ಕಂಡವು. ಮರಿಗಳು ಕುಣಿದವು. ಟಿಟ್ಟವ್ವ ಕುಣಿಯಲಿಲ್ಲ. ಅವಳು ಬರುವವರನ್ನು ನೋಡಿದಳು, ಅವರ ಹಿಂದೆ ಇನ್ನೂ ಯಾರಾದರೂ ಬರುತ್ತಾರೇನೋ ಅಂತ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಕೆರೆ ತುಂಬುವಷ್ಟಿದ್ದು ಹೋದವರಲ್ಲಿ ಕೆರೆಯ ಒಂದು ಮೂಲೆಗೂ ಸಾಲದಷ್ಟು ಜನ ಬಂದಿದ್ದರು. ಗೊರವಗಳಲ್ಲಿ ಗುರುತಿನವರು ಒಬ್ಬಿಬ್ಬರು. ಸಿಪಿಲೆಗಳಲ್ಲಿ ಬಂದವರು ಬೆರಳೆಣಿಕೆ. ಅವರಲ್ಲಿ ಹೊನ್ನಿ ಇರಲಿಲ್ಲ.

ಹೆಬ್ಬಾತಜ್ಜಿ ಬಂದಿದ್ದಳು. ಅವಳ ಒಂದು ರೆಕ್ಕೆಯ ತುದಿ ಹರಿದಿತ್ತು. ಅವಳು ಕುಡಿಯಲೂ ಇಲ್ಲ, ಮೀಯಲೂ ಇಲ್ಲ, ನೇರ ಏರಿಯ ಬುಡಕ್ಕೆ ಬಂದಳು.

"ಬೆಟ್ಟದ ತನಕ ಹೆಂಗೋ ಹೋದೋ," ಅಂದಳು. "ಬೆನ್ನಿಗೆ ಗಾಳಿ ಇಲ್ಲ, ಎದುರಿಗೆ ಬೆಂಕಿಯಂಥ ಸೆಕೆ. ದಾರಿಗುಂಟ ಬಾತುಗಳು ಬಿದ್ದೋ. ಬೆಟ್ಟಕ್ಕೆ ಹೋದ್ರೆ ಕಣಿವೆ ಮುಚ್ಚಿಬುಟ್ಟಿತ್ತು. ಆಮೇಲೆ ಆಲಿಕಲ್ಲು. ನನ್ನ ಮಕ್ಕಳು, ಮೊಮ್ಮಕ್ಕಳು ಎಲ್ಲ ಅಲ್ಲೇ ಸತ್ತೋದ್ರು. ಉಳಿದ ನಾವೊಂದಿಷ್ಟು ಜನ ಬೆಟ್ಟದ ಈಚೆಗೇ ಹೆಂಗೋ ದಿನ ದೂಡಿದೋ."

ಟಿಟ್ಟವ್ವನಿಗೆ ಕೇಳಬೇಕಾದದ್ದು ಒಂದೇ ಇತ್ತು. ಅವಳು ಕೇಳುವ ಮೊದಲು ಅಜ್ಜಿಯೇ ಹೇಳಿದಳು.

"ನಿನ್ನ ಸಿಪಿಲೆ ನನ್ನ ರೆಕ್ಕೆ ಮರೆಯಾಗೇ ಬತ್ತಿತ್ತು. ಸಣ್ಣ ಹಕ್ಕಿ, ಮೈಯಾಗೆ ಕೊಬ್ಬೂ ಇರಲಿಲ್ಲ, ಸರಿಯಾಗಿ ಉಂಡೇ ಇರಲಿಲ್ಲ. ಕಣಿವೆ ಹತ್ರ ನಾನು ಅಂದೆ, ಇಳಿಯವ್ವ, ಕಲ್ಲು ಸಂದಿಯಾಗೆ ಕೂತ್ಕೋ, ಏನಾದ್ರೂ ಆಗ್ಲಿ ಅಂತ. ಅದು ಕೇಳಲಿಲ್ಲ. 'ಟಿಟ್ಟಕ್ಕ ಹೇಳವ್ಳೆ, ಮೇಲೆ ಹೋದ್ರೆ ಗಾಳಿ ಸಿಕ್ತದೆ' ಅಂತು. ಮೇಲೆ ಹೋಯ್ತು. ಇನ್ನೂ ಮೇಲೆ ಹೋಯ್ತು. ನಾನು ಕಂಡಷ್ಟು ಹೊತ್ತೂ ಮೇಲಕ್ಕೇ ಹೋಯ್ತಿತ್ತು."

ಟಿಟ್ಟವ್ವನ ಮರಿಗಳು ಅವ್ವನ ಹಿಂದೆ ಸರಿದವು.

"ಈಗ ಹೇಳು ತಳವಾರಮ್ಮ," ಅಂದಳು ಹೆಬ್ಬಾತಜ್ಜಿ. "ನೀ ಕೂಗಿದ ದಿನ ಗಾಳಿ ಎಲ್ಲಿತ್ತು?"

"ಹೋಗಿತ್ತು ಅಜ್ಜಿ," ಅಂದಳು ಟಿಟ್ಟವ್ವ. "ನಿನ್ನ ಬೆನ್ನಿಗೆ ತಾಕಿತಲ್ಲ, ಅದೇ ಗಾಳಿ. ನಾನೇ ಇಲ್ಲ ಅಂದೆ. ಹೊನ್ನಿ ಹೋದ್ರೆ ನನ್ನ ಮೊಟ್ಟೆ ಬೇಯ್ತಿದ್ದೋ."

ಎಲ್ಲ ಹಕ್ಕಿಗಳೂ ಅವಳನ್ನು ಕುಕ್ಕಿ ಕೊಲ್ಲುತ್ತವೆ ಅಂತ ಅವಳು ಕಾದಳು. ಕೊಂದಿದ್ದರೆ ಅವಳಿಗೂ ಹಗುರಾಗುತ್ತಿತ್ತೇನೋ. ಯಾರೂ ಮುಟ್ಟಲಿಲ್ಲ. ಹೆಬ್ಬಾತಜ್ಜಿ ಕತ್ತು ತಿರುಗಿಸಿ ಆ ನಾಲ್ಕು ಮರಿಗಳನ್ನು ಬಹಳ ಹೊತ್ತು ನೋಡಿದಳು.

"ಚೆನ್ನಾಗವೆ ನಿನ್ನ ಮಕ್ಕಳು," ಅಂದಳು. "ಇನ್ಮೇಲೆ ನಮ್ಮ ಗಾಳಿನ ನಾವೇ ನೋಡ್ಕೋತೀವಿ. ನೀ ಕೂಗಬ್ಯಾಡ."

ಅಷ್ಟು ಹೇಳಿ ನೀರಿಗೆ ಇಳಿದಳು.

ಆ ಚಳಿಗಾಲ ಯಾರೂ ಟಿಟ್ಟವ್ವನ ಜೊತೆ ಜಗಳವಾಡಲಿಲ್ಲ, ಮಾತೂ ಆಡಲಿಲ್ಲ. ಮತ್ತೆ ಮುತ್ತುಗ ಹೂ ಬಿಟ್ಟಿತು, ಹೂ ಉದುರಿತು. ಅವಳು ಬೆಳಗಿನ ಜಾವ ಏರಿಯ ಮೇಲೆ ಹೋಗಿ ನಿಂತಳು. ಯಾರೂ ಬಂದು ಗಾಳಿ ಬಂತಾ ಅಂತ ಕೇಳಲಿಲ್ಲ. ತೆಂಕಣ ಗಾಳಿ ಬಂತು. ಅವಳ ಕುತ್ತಿಗೆಯ ಪುಕ್ಕ ಮುಟ್ಟದೆ ಪಕ್ಕದಲ್ಲೇ ಹಾದುಹೋಯಿತು. ಹೆಬ್ಬಾತುಗಳು ತಮ್ಮ ಬೆನ್ನಿಗೆ ತಾಕಿದ್ದನ್ನು ತಾವೇ ನಂಬಿ ಸದ್ದಿಲ್ಲದೆ ಎದ್ದು ಹೋದವು. ಇನ್ನೊಂದು ದಿನ ಬಾತುಗಳು ಹೋದವು, ಮತ್ತೊಂದು ದಿನ ಗೊರವಗಳು. ಎಲ್ಲರಿಗಿಂತ ಕೊನೆಗೆ ಸಿಪಿಲೆಗಳು. ಯಾರೂ ಅವಳಿಗೆ ಹೇಳಿ ಹೋಗಲಿಲ್ಲ.

ಖಾಲಿ ಕೆರೆಯ ಮುಂದೆ ನಿಂತು ಟಿಟ್ಟವ್ವ ಕೂಗಿದಳು. ಗಾಳಿ ಬಂದಿದೆ, ಬಂದಿದೆ, ಬಂದಿದೆ ಅಂತ ಗಂಟಲು ಹರಿಯುವ ಹಾಗೆ ಕೂಗಿದಳು. ಕೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಕೂಗು ನಿಲ್ಲಿಸಲು ಅವಳಿಗೂ ಆಗಲಿಲ್ಲ. ನರಿ ಬಂದರೆ ನರಿ ಬಂತು ಅಂತ ಕೂಗಿದಳು, ಎಮ್ಮೆ ಬಂದರೆ ಎಮ್ಮೆ ಬಂತು ಅಂತ ಕೂಗಿದಳು, ಮೋಡದ ನೆರಳು ಹಾದರೆ ಅದಕ್ಕೂ ಕೂಗಿದಳು. ಕಂಡದ್ದನ್ನು ಒಂದು ಗಳಿಗೆಯೂ ಒಳಗೆ ಇಟ್ಟುಕೊಳ್ಳಲಾರದವಳಾದಳು. ಅವಳನ್ನು ಕೇಳಿ ಕೇಳಿ ಅವಳ ಮಕ್ಕಳೂ ಹಾಗೆಯೇ ಕಲಿತವು. ಅವುಗಳ ಕಣ್ಣಿನ ಮುಂದೆಯೂ ಅದೇ ಕೆಂಪು ಮೂಡಿತು, ಅವುಗಳ ಮಕ್ಕಳಿಗೂ ಮೂಡಿತು.

ಅದಕ್ಕೇ ಮಗು, ಶಿವರಾತ್ರಿ ಕಳೆದ ಮೇಲೆ ನೀನು ಅಪ್ಪನ ದುರ್ಬೀನು ಕುತ್ತಿಗೆಗೆ ನೇತುಹಾಕಿಕೊಂಡು ಹಕ್ಕಿ ನೋಡಲು ಕೆರೆಗೆ ಹೋದರೆ, ನಿನ್ನೆ ಇದ್ದ ಹೆಬ್ಬಾತುಗಳು ಇವತ್ತು ಯಾರಿಗೂ ಹೇಳದೆ ಹೋಗಿರುತ್ತವೆ. ಕೆಂಪು ಕಣ್ಣಿನ ಟಿಟ್ಟಿಭ ಮಾತ್ರ ಬಯಲಿನಿಂದ ಎದ್ದು ನಿನ್ನ ತಲೆಯ ಮೇಲೆ ಸುತ್ತುತ್ತಾ ಕೂಗುತ್ತದೆ, ಅದರ ಮಾತನ್ನು ನಂಬುವವರು ಈಗ ಯಾರೂ ಇಲ್ಲದಿದ್ದರೂ.